ವೇತನವಿಲ್ಲದ ಹೊಣೆಗೂ ಅವಧಿಯುಂಟು

ದೂರದ ದೇಶಗಳ ಬಡವರಿಗೆ ಸಾರ್ವಜನಿಕ ಹಣದಿಂದ ನೆರವು ನೀಡುವ ಒಂದು ಆಯೋಗ. ಅದರ ಸದಸ್ಯರಲ್ಲೊಬ್ಬರು ಒಂದು ಪೂರ್ಣ ಅವಧಿಯ ಕಾಲ ಯಾವ ವೇತನವನ್ನೂ ಪಡೆಯದೆ ಸೇವೆ ಸಲ್ಲಿಸಿದ್ದಾರೆ. ಸಭೆಗಳಿಗೆ ತಪ್ಪದೆ ಬಂದಿದ್ದಾರೆ, ಕಡತಗಳನ್ನು ಓದಿದ್ದಾರೆ, ಅವರ ಪ್ರಾಮಾಣಿಕತೆಯ ಬಗ್ಗೆ ಯಾರೂ ಸಂದೇಹಪಟ್ಟಿಲ್ಲ. ಈಗ ಅವಧಿ ಮುಗಿದಿದೆ. ಅವರನ್ನು ಮತ್ತೆ ನೇಮಿಸಬೇಕೆ?

ಮೇಲ್ನೋಟಕ್ಕೆ ಇದು ಪ್ರಶ್ನೆಯೇ ಅಲ್ಲವೆಂದು ತೋರುತ್ತದೆ. ಉಚಿತವಾಗಿ ದುಡಿಯುವ ಯೋಗ್ಯ ವ್ಯಕ್ತಿ ದೊರೆತಿರುವಾಗ ಬೇರೊಬ್ಬರನ್ನು ಹುಡುಕುವುದೇಕೆ? ಕೃತಜ್ಞತೆ ಸಲ್ಲಿಸಿ, ಕೈ ಎತ್ತಿ, ಮುಂದಿನ ವಿಷಯಕ್ಕೆ ಹೋಗುವುದು ಲೋಕರೂಢಿ. ಆದರೆ ಧರ್ಮದ ಪ್ರಶ್ನೆಗಳು ಅನೇಕ ವೇಳೆ ಪ್ರಶ್ನೆಯೇ ಇಲ್ಲವೆಂದು ತೋರುವ ಎಡೆಯಲ್ಲಿಯೇ ಅಡಗಿರುತ್ತವೆ. ಜಿನಾಲಯದ ವಿಶ್ವಸ್ತ ಮಂಡಳಿ, ವಿದ್ಯಾರ್ಥಿ ನಿಲಯದ ಸಮಿತಿ, ಗೋಶಾಲೆಯ ನ್ಯಾಸ ಇವೆಲ್ಲವುಗಳಲ್ಲಿ ಇದೇ ಪ್ರಶ್ನೆ ಮೂರು ಅಥವಾ ಐದು ವರ್ಷಗಳಿಗೊಮ್ಮೆ ಏಳುತ್ತದೆ. ಹೆಚ್ಚಿನ ಕಡೆ ಎದ್ದಷ್ಟೇ ಬೇಗ ಮಲಗಿಬಿಡುತ್ತದೆ.

ಮೊದಲು ಹೊರನಾಡಿನ ಒಂದು ನಿಜವಾದ ನಿದರ್ಶನವನ್ನು ನೋಡಬಹುದು. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜೆರ್ಸಿ ಹಸುವಿನ ಹೆಸರನ್ನು ಕೇಳದವರಿಲ್ಲ. ಆ ತಳಿಯ ಮೂಲಸ್ಥಾನವಾದ ಜೆರ್ಸಿ ಎಂಬುದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿರುವ ಒಂದು ಪುಟ್ಟ ದ್ವೀಪ. ಬ್ರಿಟಿಷ್ ರಾಜಮುಕುಟಕ್ಕೆ ಅಧೀನವಾಗಿದ್ದರೂ ಅದಕ್ಕೆ ತನ್ನದೇ ಶಾಸನಸಭೆಯಿದೆ, ತನ್ನದೇ ತೆರಿಗೆಯಿದೆ. ಜನಸಂಖ್ಯೆ ಸುಮಾರು ಒಂದು ಲಕ್ಷ. ಇಷ್ಟು ಚಿಕ್ಕ ನಾಡು 1968ರಿಂದ ಹೊರದೇಶಗಳಿಗೆ ನೆರವು ನೀಡುತ್ತ ಬಂದಿದೆ. 2005ರ ಶಾಸನವೊಂದರ ಮೂಲಕ ಈ ಕಾರ್ಯಕ್ಕೆ ಪ್ರತ್ಯೇಕ ಆಯೋಗವೊಂದು ರೂಪುಗೊಂಡಿತು. ಅದರಲ್ಲಿ ಶಾಸನಸಭೆಯ ಸದಸ್ಯರು ಮೂವರು, ಸಭೆಗೆ ಸೇರದ ನಾಗರಿಕರು ಮೂವರು ಎಂಬುದು ಮೂಲ ಏರ್ಪಾಡು. ಈ ನಾಗರಿಕ ಆಯುಕ್ತರು ವೇತನವಿಲ್ಲದೆ ಸೇವೆ ಸಲ್ಲಿಸುವವರು. ನೆರೆಯ ಗರ್ನ್‌ಸಿ ದ್ವೀಪದಲ್ಲಿಯೂ ಇಂತಹುದೇ ಆಯೋಗವಿದ್ದು ಅಲ್ಲಿಯೂ ಆಯುಕ್ತರು ಸ್ವಯಂಸೇವಕರೇ. ರುವಾಂಡ, ಮಲಾವಿ, ಇಥಿಯೋಪಿಯ, ನೇಪಾಳ ಮೊದಲಾದ ದೇಶಗಳ ಸಣ್ಣ ಹಿಡುವಳಿದಾರರ ಹೈನುಗಾರಿಕೆಗೆ ಜೆರ್ಸಿಯ ಆಯೋಗ ಹಣವನ್ನೂ ತಿಳಿವಳಿಕೆಯನ್ನೂ ಒದಗಿಸಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾಗರಿಕ ಆಯುಕ್ತರ ಅವಧಿ ಮುಗಿದಾಗ ಅವರ ಮುಂದುವರಿಕೆ ತಾನಾಗಿ ಆಗುವುದಿಲ್ಲ. ಮರುನೇಮಕದ ಪ್ರಸ್ತಾಪವನ್ನು ಶಾಸನಸಭೆಯ ಮುಂದೆ ಇಡಬೇಕು, ಅವರು ಯಾರು, ಏನು ಮಾಡಿದ್ದಾರೆ, ಇನ್ನೊಂದು ಅವಧಿಗೆ ಅವರೇ ಏಕೆ ಎಂಬುದನ್ನು ಬರಹದಲ್ಲಿ ಹೇಳಬೇಕು, ಸಭೆ ಒಪ್ಪಬೇಕು. ಒಂದು ಕಾಸೂ ಪಡೆಯದ ವ್ಯಕ್ತಿಗಾಗಿ ಇಷ್ಟು ವಿಧಿ ಏಕೆ? ಇದು ಅಪನಂಬಿಕೆಯೆ? ಅಥವಾ ಅದರೊಳಗೆ ಧರ್ಮವೊಂದಿದೆಯೆ?

ಭಾರತವೂ ಹೊರದೇಶಗಳಿಗೆ ನೆರವು ನೀಡುವ ರಾಷ್ಟ್ರವೇ. 1964ರಲ್ಲಿ ಆರಂಭವಾದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮ, 2012ರಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ಸ್ಥಾಪಿತವಾದ ಅಭಿವೃದ್ಧಿ ಸಹಭಾಗಿತ್ವ ಆಡಳಿತ ವಿಭಾಗ ಇವು ಅದರ ಅಂಗಗಳು. ಆದರೆ ಅಲ್ಲಿ ಕೆಲಸ ಮಾಡುವವರು ಸಂಬಳ ಪಡೆಯುವ ಅಧಿಕಾರಿಗಳು. ಪರರ ಹಣವನ್ನು ಪರರಿಗಾಗಿ ವ್ಯಯಿಸುವ, ತಾನು ಏನನ್ನೂ ಪಡೆಯದ ವ್ಯಕ್ತಿಯನ್ನು ಈ ನೆಲದಲ್ಲಿ ಹುಡುಕಿದರೆ ಸಿಗುವುದು ಧರ್ಮಸಂಸ್ಥೆಗಳಲ್ಲಿ. ಆದ್ದರಿಂದ ಜೆರ್ಸಿಯ ಪ್ರಶ್ನೆ ಇಲ್ಲಿನ ವಿಶ್ವಸ್ತರ ಪ್ರಶ್ನೆಯೂ ಹೌದು, ಮೊಕ್ತೇಸರರ ಪ್ರಶ್ನೆಯೂ ಹೌದು.

ವೇತನವಿಲ್ಲದ ಸೇವೆಗೆ ಲೆಕ್ಕ ಕೇಳಬಾರದೆಂಬ ಭಾವನೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ‘ಪಾಪ, ಮನೆಯ ಕೆಲಸ ಬಿಟ್ಟು ದುಡಿಯುತ್ತಾರೆ, ಅವರನ್ನೇನು ಕೇಳುವುದು’ ಎಂಬ ಮಾತು ಕೇಳದ ಊರಿಲ್ಲ. ಕಾನೂನು ಹೀಗೆ ಎಣಿಸುವುದಿಲ್ಲ. 1882ರ ಭಾರತೀಯ ನ್ಯಾಸ ಅಧಿನಿಯಮವು ಖಾಸಗಿ ನ್ಯಾಸಗಳಿಗೆ ಮಾತ್ರ ಅನ್ವಯಿಸುವುದಾದರೂ ಅದರ ತತ್ತ್ವ ಎಲ್ಲರೂ ತಿಳಿಯತಕ್ಕದ್ದು. ನ್ಯಾಸಪತ್ರದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಫಲಾನುಭವಿಯೊಡನೆಯಾಗಲಿ ನ್ಯಾಯಾಲಯದೊಡನೆಯಾಗಲಿ ಒಪ್ಪಂದ ಇಲ್ಲದಿದ್ದರೆ ವಿಶ್ವಸ್ತನಿಗೆ ಪ್ರತಿಫಲದ ಹಕ್ಕಿಲ್ಲವೆಂದು ಅದರ 50ನೆಯ ಕಲಮು ಹೇಳುತ್ತದೆ. ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಸ್ವತ್ತನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ನ್ಯಾಸದ ಸ್ವತ್ತನ್ನು ನೋಡಿಕೊಳ್ಳಬೇಕೆಂದು 15ನೆಯ ಕಲಮು ವಿಧಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟ: ಪ್ರತಿಫಲ ಶೂನ್ಯವಾಗಿರಬಹುದು, ಹೊಣೆ ಮಾತ್ರ ಪೂರ್ಣ. ಅಂಗಡಿಯ ಗುಮಾಸ್ತನು ಸಂಬಳ ಬೇಡವೆಂದ ಮಾತ್ರಕ್ಕೆ ದಿನದ ಕೊನೆಯಲ್ಲಿ ರೋಕಡ ತಾಳೆ ನೋಡುವುದನ್ನು ಯಾವ ವರ್ತಕನೂ ಬಿಡುವುದಿಲ್ಲ.

ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ವೇತನವಿಲ್ಲದ ಸ್ಥಾನವೆಲ್ಲವೂ ಲಾಭವಿಲ್ಲದ ಸ್ಥಾನವೆ? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನ ರಾಶಿಯಲ್ಲಿ ಅಲ್ಲ. ಅದರ ಮೇಲಣ ಮಮತೆಯಲ್ಲಿ. ಹಾಗಿದ್ದ ಮೇಲೆ ಹಣವನ್ನು ಮುಟ್ಟದವನಿಗೂ ಪರಿಗ್ರಹ ಅಂಟಬಹುದು. ಸಭೆಯ ಮೊದಲ ಸಾಲಿನ ಆಸನ, ಶಿಲಾಫಲಕದ ಮೇಲಿನ ಹೆಸರು, ಪಂಚಕಲ್ಯಾಣ ಮಹೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ದೊರೆಯುವ ಸ್ಥಾನ, ‘ಅವರನ್ನು ಕೇಳದೆ ಏನೂ ಆಗದು’ ಎಂಬ ಪ್ರತೀತಿ ಇವೆಲ್ಲ ನಾಣ್ಯಗಳಲ್ಲದಿದ್ದರೂ ಕೂಡಿಡಬಹುದಾದ ಸಂಪತ್ತೇ. ಇಂತಹ ಸಂಪತ್ತಿಗೆ ತೆರಿಗೆಯೂ ಇಲ್ಲ, ಲೆಕ್ಕಪರಿಶೋಧನೆಯೂ ಇಲ್ಲ. ಶ್ರಾವಕನು ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿಯನ್ನು ಹಾಕಿಕೊಳ್ಳುತ್ತಾನೆ. ಅಧಿಕಾರದ ವರ್ಷಗಳಿಗೆ ಮಿತಿ ಹಾಕಿಕೊಂಡರೆ ಅದು ಅದೇ ವ್ರತದ ವಿಸ್ತರಣೆಯಾಗುತ್ತದೆ.

ಬಾಹುಬಲಿ ಸ್ವಾಮಿಯ ಕಥೆ ಇದನ್ನೇ ಹೇಳುವಂತಿದೆ. ಗೆದ್ದ ರಾಜ್ಯವನ್ನೇ ಬಿಟ್ಟು ನಡೆದವನು, ಬಳ್ಳಿ ಹಬ್ಬುವವರೆಗೆ ಕಾಯೋತ್ಸರ್ಗದಲ್ಲಿ ನಿಂತವನು. ಆದರೂ, ಭರತನ ನೆಲದ ಮೇಲೆ ನಿಂತಿದ್ದೇನೆಂಬ ಒಂದು ಎಣಿಕೆ ಶಲ್ಯದಂತೆ ಉಳಿದು ಕೇವಲಜ್ಞಾನವನ್ನು ತಡೆದಿತ್ತೆಂದು ಪರಂಪರೆಯ ನಿರೂಪಣೆ. ಎಲ್ಲವನ್ನೂ ತ್ಯಜಿಸಿದವನಲ್ಲಿ ಒಂದು ಮುಳ್ಳು ಉಳಿಯಬಹುದಾದರೆ ಬರಿಯ ಸಂಬಳವನ್ನು ತ್ಯಜಿಸಿದ ಗೃಹಸ್ಥನಲ್ಲಿ ಎಷ್ಟು ಉಳಿಯಲಾರದು? ಭರತನು ಬಂದು ವಂದಿಸಿದಾಗ ಆ ಶಲ್ಯ ಕಳಚಿತು. ಒಳಗಿನ ಮುಳ್ಳನ್ನು ಕೀಳಲು ಕೆಲವೊಮ್ಮೆ ಹೊರಗಿನವರು ಬರಬೇಕಾಗುತ್ತದೆ. ಅವಧಿಯ ಕೊನೆಯಲ್ಲಿ ಸಭೆ ಕೇಳುವ ಪ್ರಶ್ನೆಯೂ ಸೇವಾನಿರತನಿಗೆ ಮಾಡುವ ಉಪಕಾರವೇ ಆಗಬಹುದು.

ಎರಡನೆಯ ಕಾರಣ ಇದಕ್ಕಿಂತ ಗಂಭೀರವಾದುದು. ನೆರವನ್ನು ಪಡೆಯುವವನಿಗೆ ದನಿಯಿಲ್ಲ. ವ್ಯಾಪಾರಿಯ ತೂಕದಲ್ಲಿ ಕೊರತೆ ಕಂಡರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಶಾಸಕನು ಕೆಲಸ ಮಾಡದಿದ್ದರೆ ಮತದಾರನು ಐದು ವರ್ಷಕ್ಕೊಮ್ಮೆ ತನ್ನ ತೀರ್ಪು ನೀಡುತ್ತಾನೆ. ಮಲಾವಿಯ ರೈತಮಹಿಳೆಗೆ ಜೆರ್ಸಿಯಲ್ಲಿ ಮತವಿಲ್ಲ. ತನ್ನ ಕೊಟ್ಟಿಗೆಗೆ ಬಂದ ಹಸುವನ್ನು ಯಾವ ಆಯುಕ್ತರ ಒಪ್ಪಿಗೆಯಿಂದ ಕೊಟ್ಟರೆಂಬುದು ಆಕೆಗೆ ಗೊತ್ತಿರಲಾರದು. ವಿದ್ಯಾರ್ಥಿ ನಿಲಯದಲ್ಲಿ ಸ್ಥಾನ ದೊರೆಯದ ಬಡ ಹುಡುಗ ವಿಶ್ವಸ್ತರ ಮನೆಯ ಬಾಗಿಲಿಗೆ ಬಂದು ಕಾರಣ ಕೇಳುವುದಿಲ್ಲ. ಗೋಶಾಲೆಯ ಮೂಕಪ್ರಾಣಿಯಂತೂ ಏನನ್ನೂ ಹೇಳಲಾರದು. ದಾನಿಗೆ ವರದಿ ಹೋಗುತ್ತದೆ, ಪಾತ್ರನಿಗೆ ಹೋಗುವುದಿಲ್ಲ. ಹೀಗಿರುವಾಗ ವಿಶ್ವಸ್ತನ ಕೆಲಸ ಪಾತ್ರನಿಗೆ ಹಿತವಾಯಿತೆ ಎಂದು ಕೇಳುವ ಸಂದರ್ಭ ಯಾವುದು? ಅವಧಿ ಮುಗಿದು ಮರುನೇಮಕದ ವಿಷಯ ಬಂದಾಗ ಮಾತ್ರ. ಆ ದಿನವನ್ನೂ ಹೊಗಳಿಕೆಯಲ್ಲಿ ಕಳೆದರೆ ದನಿಯಿಲ್ಲದವನಿಗೆ ಇದ್ದ ಒಂದೇ ಬಾಗಿಲನ್ನು ಮುಚ್ಚಿದಂತಾಯಿತು.

ದಾನದ ಫಲದಲ್ಲಿ ತರತಮ ಬರುವುದು ನಾಲ್ಕು ಕಾರಣಗಳಿಂದ ಎಂಬುದು ತತ್ತ್ವಾರ್ಥಸೂತ್ರದ ವಿವೇಚನೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಸಂಸ್ಥೆಯ ಮೂಲಕ ನಡೆಯುವ ದಾನದಲ್ಲಿ ದಾತೃವಿಗೂ ಪಾತ್ರನಿಗೂ ನಡುವೆ ವಿಶ್ವಸ್ತನು ನಿಂತಿರುತ್ತಾನೆ. ದ್ರವ್ಯ ಅವನದಲ್ಲ. ಆದರೆ ವಿಧಿಯನ್ನು ನಿಶ್ಚಯಿಸುವವನೂ ಪಾತ್ರನನ್ನು ಆರಿಸುವವನೂ ಅವನೇ. ನಾಲ್ಕರಲ್ಲಿ ಎರಡು ಅವನ ಕೈಯಲ್ಲಿರುವಾಗ ಅವನನ್ನು ಆರಿಸುವ ಕೆಲಸವೂ ದಾನದ ಒಂದು ಅಂಗವೆಂದೇ ಎಣಿಸಬೇಕು. ಉದಾಸೀನದಿಂದ ಮಾಡಿದ ಮರುನೇಮಕ ಉದಾಸೀನದಿಂದ ಕೊಟ್ಟ ದಾನಕ್ಕೆ ಸಮಾನ.

ಈ ವಿಚಾರ ಪಶ್ಚಿಮದಿಂದ ಎರವಲು ತಂದುದೇನೂ ಅಲ್ಲ. ಬೆಂಗಳೂರಿನಿಂದ ನೆಲಮಂಗಲ, ಸೋಲೂರು, ಕುಣಿಗಲ್ ದಾರಿಯಾಗಿ ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಸೋಲೂರಿನಲ್ಲಿ ಮಾಗಡಿಯ ಕಡೆಗೆ ತಿರುಗುವ ರಸ್ತೆಯನ್ನು ಕಂಡಿರುತ್ತಾರೆ. ಆ ಮಾಗಡಿ ಸೀಮೆಯ ಕಲ್ಯ ಎಂಬ ಗ್ರಾಮದಲ್ಲಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ತೀರ್ಮಾನಿಸಿದ ವೃತ್ತಾಂತವನ್ನು ತಿಳಿಸುವ ಶ್ರವಣಬೆಳಗೊಳದ ಪ್ರಸಿದ್ಧ ಶಾಸನಕ್ಕೆ ಇದು ಜೊತೆಯದು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ ಪ್ರಸಂಗ ಅನೇಕರಿಗೆ ಗೊತ್ತು. ಅದರ ಮುಂದಿನ ಆಡಳಿತ ಭಾಗವನ್ನು ಗಮನಿಸಿದವರು ಕಡಿಮೆ.

ಆ ಭಾಗದ ಸಾರಾಂಶ ಹೀಗಿದೆ. ರಾಜ್ಯದಲ್ಲೆಲ್ಲ ಇರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಹಾಗೆ ಕೂಡಿದ ಹೊನ್ನಿನಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಏರ್ಪಾಡನ್ನು ನಡೆಸುವ ಹೊಣೆ ಬಿದ್ದುದು ತಿರುಮಲೆಯ ತಾತಯ್ಯನವರ ಮೇಲೆ, ಅದೂ ರಾಜ್ಯದ ಭವ್ಯಜನರ ಅನುಮತಿಯಿಂದ. ತಾತಯ್ಯನವರು ಶ್ರೀವೈಷ್ಣವರು, ಹಣ ಜೈನರದು, ಕಾಪಾಡಬೇಕಾದ ತೀರ್ಥ ಕೊಟ್ಟವರಲ್ಲಿ ಅನೇಕರ ಊರಿಗೆ ಬಹುದೂರ. ಪರರ ಹಣವನ್ನು ದೂರದ ಹಿತಕ್ಕಾಗಿ ವಿನಿಯೋಗಿಸುವ ಸಾರ್ವಜನಿಕ ಹೊಣೆಗೆ ಇದಕ್ಕಿಂತ ಸ್ಪಷ್ಟವಾದ ಹಳೆಯ ನಿದರ್ಶನ ಬೇಕಿಲ್ಲ. ಎಷ್ಟು ಹಣ, ಯಾರಿಂದ, ಯಾವ ಕೆಲಸಕ್ಕೆ, ಉಳಿದದ್ದು ಯಾವುದಕ್ಕೆ ಎಂಬ ನಾಲ್ಕು ಬಾಬುಗಳೂ ಕಲ್ಲಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿವೆ. ನಂಬಿಕೆ ಗಾಢವಾಗಿದ್ದಲ್ಲಿಯೇ ಬರಹ ಖಚಿತವಾಗಿತ್ತು.

ಬೆಳಗೊಳದ ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ. ಕಲ್ಲೆಹದ ಬುಸುವಿಸೆಟ್ಟಿ ಎಂಬ ವರ್ತಕನು ಅರಸನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಈ ಕಲ್ಲೆಹವೇ ಮಾಗಡಿಯ ಕಲ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿ ವಿವೇಕವೊಂದಿದೆ. ಹಣದ ಹೊಣೆ ಒಬ್ಬರದು, ಗೌರವದ ಪಟ್ಟ ಇನ್ನೊಬ್ಬರದು. ಆ ಪಟ್ಟವನ್ನು ಬುಸುವಿಸೆಟ್ಟಿ ತಾನೇ ಕಟ್ಟಿಕೊಳ್ಳಲಿಲ್ಲ, ಅವನ ಕಡೆಯವರು ಮಾತ್ರ ಕಟ್ಟಲೂ ಇಲ್ಲ. ಕೆಲಸ ನಡೆದ ಮೇಲೆ ಎರಡೂ ಪಕ್ಷದವರು ಸೇರಿ ಕಟ್ಟಿದರು. ಗೌರವ ಬೇರೆ, ಅಧಿಕಾರ ಬೇರೆ ಎಂಬ ಅರಿವು ಮರೆಯಾದಾಗಲೇ ಮರುನೇಮಕದ ಪ್ರಶ್ನೆ ಕಗ್ಗಂಟಾಗುವುದು. ಗೌರವಿಸಬೇಕೆಂಬ ಕಾರಣಕ್ಕೆ ಅಧಿಕಾರವನ್ನು ಮುಂದುವರಿಸುತ್ತಾರೆ; ಅಧಿಕಾರ ಮುಂದುವರಿಯದಿದ್ದರೆ ಅಗೌರವವಾಯಿತೆಂದು ನೋಯುತ್ತಾರೆ.

ಇದಕ್ಕೆ ಆಕ್ಷೇಪಗಳಿವೆ; ಅವು ಹಗುರವಾದವುಗಳೂ ಅಲ್ಲ. ಅನುಭವ ನಷ್ಟವಾಗುತ್ತದೆಂಬುದು ಮೊದಲನೆಯದು. ಹೈನುಗಾರಿಕೆಯ ಯೋಜನೆಯೊಂದು ಫಲ ಕೊಡಲು ಕರು ಹಸುವಾಗುವಷ್ಟು ಕಾಲ ಬೇಕು, ತಳಿ ಸುಧಾರಿಸಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಜಿನಾಲಯದ ಆಸ್ತಿಯ ದಾವೆಗಳು ಒಂದು ತಲೆಮಾರಿನವರೆಗೂ ನಡೆಯುವುದುಂಟು; ಕಡತ ಬಲ್ಲವನು ಹೋದರೆ ದಾವೆಯೇ ಹೋದೀತು. ಇದು ನಿಜ. ಆದಕಾರಣವೇ ಮರುನೇಮಕವನ್ನು ನಿಷೇಧಿಸಬೇಕೆಂದು ಹೇಳುವುದು ವಿವೇಕವಲ್ಲ. ಎಲ್ಲರನ್ನೂ ಒಮ್ಮೆಲೇ ಬದಲಿಸದೆ ಮೂರನೆಯ ಒಂದು ಭಾಗದಷ್ಟು ಮಂದಿ ಸರದಿಯಂತೆ ನಿವೃತ್ತರಾಗುವ ಏರ್ಪಾಡಿದ್ದರೆ ನೆನಪೂ ಉಳಿಯುತ್ತದೆ, ಹೊಸ ಕಣ್ಣೂ ಬರುತ್ತದೆ. ಆದರೆ ಹದಿನೈದು ವರ್ಷ ಸೇವೆ ಸಲ್ಲಿಸಿಯೂ ಇನ್ನೊಬ್ಬರಿಗೆ ಕಡತವನ್ನು ಕಲಿಸದ ಅನುಭವ ಸಂಸ್ಥೆಯ ಸಂಪತ್ತಾಗಲಾರದು. ಅದು ಸಂಸ್ಥೆಯ ಅಪಾಯ.

ಒಂದು ಅವಧಿಯ ನಂತರ ಪ್ರಶ್ನಿಸುವುದೇ ಅವಮಾನವೆಂಬುದು ಎರಡನೆಯ ಆಕ್ಷೇಪ. ಮುನಿಗಳು ನಿತ್ಯವೂ ಪ್ರತಿಕ್ರಮಣ ಮಾಡುತ್ತಾರೆ. ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣಗಳು ಬೇರೆ. ಅವರು ಮಹಾಪಾಪಿಗಳೆಂದು ಈ ವಿಧಿಯನ್ನು ಇಟ್ಟದ್ದಲ್ಲ. ಶುದ್ಧರಾದವರೂ ಹಿಂದಿರುಗಿ ನೋಡಿಕೊಳ್ಳದಿದ್ದರೆ ದೋಷ ಕಾಣದೆ ಬೆಳೆಯುತ್ತದೆಂಬ ತಿಳಿವಿನಿಂದ ಇಟ್ಟದ್ದು. ಸರ್ವಸಂಗ ಪರಿತ್ಯಾಗಿಗಳಿಗೆ ಅವಮಾನವಲ್ಲದ ಪರೀಕ್ಷೆ ಸಂಸಾರಿಯಾದ ವಿಶ್ವಸ್ತನಿಗೆ ಅವಮಾನವಾಗುವುದು ಹೇಗೆ? ವ್ಯಾಪಾರ ಜಗತ್ತು ಕೂಡ ಇದನ್ನು ಒಪ್ಪಿಕೊಂಡಿದೆ. 2013ರ ಕಂಪನಿಗಳ ಅಧಿನಿಯಮದ ಪ್ರಕಾರ ಸ್ವತಂತ್ರ ನಿರ್ದೇಶಕನ ಅವಧಿ ಒಮ್ಮೆಗೆ ಹೆಚ್ಚೆಂದರೆ ಐದು ವರ್ಷ; ಮರುನೇಮಕಕ್ಕೆ ಷೇರುದಾರರ ವಿಶೇಷ ನಿರ್ಣಯ ಬೇಕು; ಸತತವಾಗಿ ಎರಡು ಅವಧಿಗಳಾದ ಮೇಲೆ ಮೂರು ವರ್ಷ ಹೊರಗಿರಬೇಕು. ಮೊದಲ ನೇಮಕಕ್ಕಿಂತ ಮರುನೇಮಕಕ್ಕೆ ಹೆಚ್ಚಿನ ಬಹುಮತವನ್ನು ಕೇಳಿರುವುದು ಅರ್ಥಪೂರ್ಣ. ಹೊಸಬನು ಬರುವಾಗ ಎಲ್ಲರೂ ತಾವಾಗಿಯೇ ಎಚ್ಚರದಿಂದಿರುತ್ತಾರೆ. ಪರಿಚಿತನು ಮುಂದುವರಿಯುವಾಗ ಎಚ್ಚರವನ್ನು ನಿಯಮವೇ ಒದಗಿಸಬೇಕಾಗುತ್ತದೆ. ಲಾಭಕ್ಕಾಗಿ ನಡೆಯುವ ಕಂಪನಿಗೆ ಇಷ್ಟು ಎಚ್ಚರವಿದ್ದರೆ ಧರ್ಮಕ್ಕಾಗಿ ನಡೆಯುವ ನ್ಯಾಸಕ್ಕೆ ಅದಕ್ಕಿಂತ ಕಡಿಮೆ ಸಲ್ಲದು.

ಬೇರೆ ಯಾರೂ ಸಿಗುವುದಿಲ್ಲವೆಂಬುದು ಮೂರನೆಯ ಆಕ್ಷೇಪ. ಸಣ್ಣ ಊರುಗಳಲ್ಲಿ, ನಾಲ್ಕೈದು ಜೈನ ಮನೆಗಳು ಮಾತ್ರ ಉಳಿದಿರುವೆಡೆಗಳಲ್ಲಿ ಇದು ಬರಿಯ ನೆಪವಲ್ಲ. ಅಲ್ಲಿ ಒಬ್ಬರೇ ಮುಂದುವರಿಯುವುದು ಅನಿವಾರ್ಯವಾಗಬಹುದು. ಆದರೂ ಮುಂದುವರಿಸುವುದು ಬೇರೆ, ಕೇಳದೆ ಮುಂದುವರಿಸುವುದು ಬೇರೆ. ಒಬ್ಬರೇ ಇದ್ದಾಗ ಲೆಕ್ಕವನ್ನು ಓದಿ ಹೇಳುವ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ದೊಡ್ಡ ಊರುಗಳಲ್ಲಾದರೋ ಯಾರೂ ಸಿಗುವುದಿಲ್ಲವೆಂಬ ಮಾತಿನ ಹಿಂದೆ ಯಾರನ್ನೂ ಕೇಳಿಲ್ಲವೆಂಬ ಸತ್ಯ ಅಡಗಿರುತ್ತದೆ. ಮಹಿಳೆಯರನ್ನು, ಲೆಕ್ಕ ಬಲ್ಲ ತರುಣರನ್ನು ಕೇಳಿ ನೋಡಿದ ಮೇಲೆ ಆ ಮಾತನ್ನು ಆಡಬಹುದು.

ಹಾಗಾದರೆ ಮರುನೇಮಕದ ದಿನ ಕೇಳಬೇಕಾದುದೇನು? ಸಂಬಂಧಪಟ್ಟ ವ್ಯಕ್ತಿ ಆ ಚರ್ಚೆಯ ಹೊತ್ತಿಗೆ ಸಭೆಯಿಂದ ಹೊರಗಿರಬೇಕು. ಎದುರಿಗಿದ್ದರೆ ದಾಕ್ಷಿಣ್ಯವೇ ತೀರ್ಪು ನೀಡುತ್ತದೆ. ಹಾಜರಿಯ ಪುಸ್ತಕವನ್ನು ತೆರೆದು ನೋಡಬೇಕು. ಅವರ ಬಂಧುಗಳಿಗಾಗಲಿ ವ್ಯವಹಾರಕ್ಕಾಗಲಿ ಸಂಸ್ಥೆಯಿಂದ ಲಾಭವಾಗಿದೆಯೆ, ಆಗಿದ್ದರೆ ಮುಂಚಿತವಾಗಿ ತಿಳಿಸಿದ್ದರೆ ಎಂಬುದನ್ನು ವಿಚಾರಿಸಬೇಕು. ಅಧ್ಯಕ್ಷರ ಮಾತಿಗೆ ಒಮ್ಮೆಯಾದರೂ ಸಕಾರಣವಾಗಿ ಭಿನ್ನಮತ ಸೂಚಿಸಿದ್ದಾರೆಯೆ ಎಂದು ನಡಾವಳಿ ಪುಸ್ತಕದಲ್ಲಿ ಹುಡುಕಬೇಕು. ಏಕೆಂದರೆ ಎಲ್ಲಕ್ಕೂ ಒಪ್ಪುವವನು ಸಭೆಯ ಸಂಖ್ಯೆಯನ್ನು ಹೆಚ್ಚಿಸುತ್ತಾನಷ್ಟೇ. ತಮ್ಮ ಕೆಲಸವನ್ನು ಬೇರೊಬ್ಬರಿಗೆ ಕಲಿಸಿದ್ದಾರೆಯೆ ಎಂದು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆರವು ಪಡೆದವರಲ್ಲಿ ಕೆಲವರ ಮಾತನ್ನಾದರೂ ತರಿಸಿಕೊಳ್ಳಬೇಕು. ಉತ್ತರಗಳು ಸಮಾಧಾನಕರವಾಗಿದ್ದರೆ ಕಾರಣವನ್ನು ಬರೆದು ಸಂತೋಷದಿಂದ ಮರುನೇಮಿಸಬೇಕು. ಹಾಗೆ ಮರುನೇಮಕಗೊಂಡವರ ಕೈ ಮೊದಲಿಗಿಂತ ಬಲವಾಗುತ್ತದೆ. ಅವರು ಉಳಿದದ್ದು ಮುಲಾಜಿನಿಂದಲ್ಲವೆಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಉತ್ತರಗಳು ಸಮಾಧಾನಕರವಾಗಿರದಿದ್ದರೆ? ನಿಜವಾದ ಕಷ್ಟ ಇಲ್ಲಿದೆ. ತಪ್ಪು ಮಾಡದ, ಆದರೆ ದಣಿದ, ಕಾಲದ ಅಗತ್ಯವನ್ನು ಹಿಡಿಯಲಾರದ ಹಿರಿಯರೊಬ್ಬರನ್ನು ಬಿಡಬೇಕಾದಾಗ ಅವರ ಮನಸ್ಸು ನೊಂದೇ ನೋಯುತ್ತದೆ. ಅಹಿಂಸೆಯನ್ನು ಪರಮಧರ್ಮವೆನ್ನುವವರು ಇದನ್ನು ಲಘುವಾಗಿ ಎಣಿಸುವಂತಿಲ್ಲ. ಆದರೆ ಹಿಂಸೆಯ ತಕ್ಕಡಿಯಲ್ಲಿ ಕಣ್ಣೆದುರಿಗಿನ ನೋವನ್ನು ಮಾತ್ರ ಇಟ್ಟು ಕಾಣದ ನೋವನ್ನು ಬಿಟ್ಟರೆ ತೂಕ ಸರಿಯಾಗದು. ಒಬ್ಬ ಹಿರಿಯರಿಗೆ ಬೇಸರವಾದೀತೆಂದು ಸುಮ್ಮನಿದ್ದರೆ, ಸರಿಯಾಗಿ ಹಂಚಿಕೆಯಾಗದ ಔಷಧದಾನದಿಂದ ವಂಚಿತನಾದ ರೋಗಿಯ ನೋವನ್ನು ಯಾರು ತೂಗುವರು? ಕಾನೂನಿನ ದಾರಿ ಇನ್ನೂ ಕಠಿಣ. ಸಾರ್ವಜನಿಕ ನ್ಯಾಸದ ವಿಶ್ವಸ್ತರನ್ನು ತೆಗೆಯಬೇಕಾಗಿ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಂತೆ ನ್ಯಾಯಾಲಯಕ್ಕೆ ಹೋಗುವ ಮಾರ್ಗವಿದೆ. ಅಲ್ಲಿಗೆ ಹೋದ ಮೇಲೆ ಹೆಸರೂ ಉಳಿಯದು, ಸ್ನೇಹವೂ ಉಳಿಯದು, ಬಸದಿಯ ಹಣವೂ ವಕೀಲರ ಪಾಲಾಗುತ್ತದೆ. ಅವಧಿಯ ಕೊನೆ ಎಂಬುದು ಯಾರ ಮೇಲೂ ದೋಷ ಹೊರಿಸದೆ ಹೊಣೆಯನ್ನು ಇಳಿಸಿಕೊಳ್ಳುವ ಸೌಮ್ಯಮಾರ್ಗ. ಎಲ್ಲರಿಗೂ ಒಂದೇ ನಿಯಮವೆಂದು ಮೊದಲೇ ಬರೆದಿಟ್ಟಿದ್ದರೆ ಇಳಿಯುವವರ ಮನಸ್ಸಿಗೆ ಬೀಳುವ ಪೆಟ್ಟು ಬಹಳಷ್ಟು ಕಡಿಮೆಯಾಗುತ್ತದೆ.

ಇದಕ್ಕಿಂತ ಉತ್ತಮವಾದ ದಾರಿಯನ್ನು ಸೇವಾನಿರತರೇ ತೆರೆಯಬಲ್ಲರು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ತಮ್ಮ ಸ್ಥಾನಕ್ಕೆ ತಕ್ಕ ಇಬ್ಬರ ಹೆಸರನ್ನು ಸೂಚಿಸಿ, ಅವರನ್ನು ಜೊತೆಗೆ ಕೂರಿಸಿಕೊಂಡು ಕಡತಗಳನ್ನು ತೋರಿಸುವ ವಿಶ್ವಸ್ತನು ಮರುನೇಮಕಗೊಂಡರೂ ಗೆದ್ದಂತೆ, ಬಿಡುಗಡೆಗೊಂಡರೂ ಗೆದ್ದಂತೆ. ತ್ಯಾಗವನ್ನು ಆದರ್ಶವಾಗಿ ಪೂಜಿಸುವ ಸಮಾಜದಲ್ಲಿ ಪದವಿತ್ಯಾಗವೂ ಪೂಜಾರ್ಹವಾಗಬೇಕು. ಪದವಿ ಸ್ವೀಕಾರಕ್ಕೆ ಹಾರ ಹಾಕುವ ಸಭೆಗಳು ಪದವಿ ಬಿಟ್ಟ ದಿನ ಅದಕ್ಕಿಂತ ದೊಡ್ಡ ಹಾರವನ್ನು ತರುವ ರೂಢಿ ಬಂದರೆ ಅರ್ಧ ಕಷ್ಟ ಪರಿಹಾರವಾದೀತು.

ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ಯೋಗ್ಯರನ್ನು ಮರುನೇಮಿಸಬಹುದು, ಆದರೆ ಅವರು ಈವರೆಗೆ ಏನನ್ನೂ ಪಡೆಯದೆ ದುಡಿದರೆಂಬ ಕಾರಣಕ್ಕೆ ಮರುನೇಮಿಸಬಾರದು. ಹಿಂದಿನ ಸೇವೆಗೆ ಸಲ್ಲಬೇಕಾದದ್ದು ಕೃತಜ್ಞತೆ. ಅದಕ್ಕೆ ಅವಧಿಯಿಲ್ಲ, ಅದನ್ನು ಜೀವನಪರ್ಯಂತ ಸಲ್ಲಿಸಬಹುದು. ಮುಂದಿನ ಹೊಣೆಗೆ ಬೇಕಾದದ್ದು ಯೋಗ್ಯತೆ. ಅದಕ್ಕೆ ಅವಧಿಯುಂಟು, ಅದನ್ನು ಪ್ರತಿ ಅವಧಿಯಲ್ಲೂ ಹೊಸದಾಗಿ ತೂಗಬೇಕು. ಈ ವರ್ಷ ಯಾವ ಯಾವ ಬಸದಿಗಳ, ನಿಲಯಗಳ, ನ್ಯಾಸಗಳ ಸಮಿತಿಗಳ ಅವಧಿ ಮುಗಿಯುವುದೋ ಅಲ್ಲಿನ ಶ್ರಾವಕ ಶ್ರಾವಿಕೆಯರು ಸಭೆಗೆ ಮುನ್ನ ನಡಾವಳಿ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಒಮ್ಮೆ ತರಿಸಿ ಓದಲಿ. ಅನಂತರ ಎತ್ತುವ ಕೈಗೆ ಅರ್ಥ ಬರುತ್ತದೆ.